ಹಳೇ ಪೈಥಾನ್ ಕೋಡಿಗೆ ಟೈಪ್ ಹಿಂಟ್: ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರೂ ಇದ್ದರೆ ಯಾವ ದಾರಿ ಹಿಡಿಯಬೇಕು?

ಪುಣೆಯ ಹಿಂಜವಡಿ, ಬಾಣೇರ್, ಖರಾಡಿ ಕಡೆ ಕೆಲಸ ಮಾಡುವ ನಮ್ಮ ಕನ್ನಡದ ಹುಡುಗರು, ಹುಡುಗಿಯರು ಈಚೆಗೆ ಪದೇ ಪದೇ ಕೇಳುವ ಪ್ರಶ್ನೆ ಇದು. ಕೋಡ್ ಹತ್ತು ಹನ್ನೆರಡು ವರ್ಷ ಹಳೇದು. ವಿಂಡೋಸ್‌ನಲ್ಲೂ ಓಡಬೇಕು, ಲಿನಕ್ಸ್‌ನಲ್ಲೂ ಓಡಬೇಕು. ಟೈಪ್ ಹಿಂಟ್ (ಯಾವ ವೇರಿಯಬಲ್‌ಗೆ, ಯಾವ ಫಂಕ್ಷನ್ನಿಗೆ ಯಾವ ಬಗೆಯ ಡೇಟಾ ಅಂತ ಹೇಳುವ ಗುರುತು) ಹಾಕಿ ಅಂತ ಮೇಲಿನವರು ಹೇಳಿದ್ದಾರೆ. ಯಾವ ಟೂಲ್ ತಗೊಳ್ಳೋದು, ಎಲ್ಲಿಂದ ಶುರು ಮಾಡೋದು?

ನೆಟ್‌ನಲ್ಲಿ ಸಿಗುವ ಸಲಹೆ ಬಹುಪಾಲು ಹೊಸ ಕೋಡಿನದ್ದು, ಅದೂ ಒಂದೇ ಪ್ಲಾಟ್‌ಫಾರ್ಮಿನದ್ದು. ಹಳೇ ಕೋಡಿನ ಕಷ್ಟವೇ ಬೇರೆ. ನಾನು ಕೆಲಸ ಮಾಡುವ ಪ್ರೋಗ್ರಾಂ ಭೋಸರಿ, ಚಾಕಣ ಕಡೆಯ ಕಾರ್ಖಾನೆಗಳ ವೇಬ್ರಿಜ್‌ಗಳದ್ದು. ಲಾರಿ ಬಂದು ನಿಲ್ಲುತ್ತದೆ, ತೂಕ ತೋರಿಸುವ ಇಂಡಿಕೇಟರ್ ಡಬ್ಬಿ ಸೀರಿಯಲ್ ಪೋರ್ಟಿನಲ್ಲಿ ತೂಕ ಕಳಿಸುತ್ತದೆ, ಪ್ರೋಗ್ರಾಂ ಅದನ್ನು ಓದಿ ಚೀಟಿ ಪ್ರಿಂಟ್ ಮಾಡುತ್ತದೆ. ಗೇಟಿನ ಕ್ಯಾಬಿನ್‌ನಲ್ಲಿ ವಿಂಡೋಸ್, ಆಫೀಸಿನ ಸರ್ವರ್‌ನಲ್ಲಿ ಲಿನಕ್ಸ್, ಬರೆಯುವವರಲ್ಲಿ ಅರ್ಧ ಜನರ ಕೈಯಲ್ಲಿ ಮ್ಯಾಕ್. ಮುಂದೆ ಹೇಳುವುದೆಲ್ಲ ಇಂಥ ಕೋಡನ್ನು ಎದುರಿಗಿಟ್ಟುಕೊಂಡೇ.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಹಿಂಟನ್ನು ಕೋಡಿನೊಳಗೇ ಬರೆಯಿರಿ. ಸಿಐನಲ್ಲಿ (ಕೋಡ್ ಬದಲಾದಾಗಲೆಲ್ಲ ತಾನೇ ಪರೀಕ್ಷೆ ಓಡಿಸುವ ವ್ಯವಸ್ಥೆ) ಮೈಪೈ ಎಂಬ ಚೆಕ್ಕರನ್ನು, ಅಂದರೆ ಹಿಂಟು ಕೋಡಿಗೆ ತಾಳೆಯಾಗುತ್ತದೋ ಅಂತ ನೋಡುವ ಟೂಲನ್ನು, ಒಂದು ಸಲ ಅಲ್ಲ, ಪ್ರತಿ ಪ್ಲಾಟ್‌ಫಾರ್ಮಿಗೂ ಒಂದೊಂದು ಸಲ ಓಡಿಸಿ. ಎಡಿಟರ್‌ನಲ್ಲಿ ಪೈರೈಟ್ ಎಂಬ ಇನ್ನೊಂದು ಚೆಕ್ಕರ್ ಇಟ್ಟುಕೊಳ್ಳಿ. ಬೈಟ್ಸ್ (ಕಚ್ಚಾ ಡೇಟಾ) ಮತ್ತು ಸ್ಟ್ರಿಂಗ್ (ಪಠ್ಯ) ಕಲೆಯುವ ಜಾಗದಿಂದ ಶುರು ಮಾಡಿ. ಇದು ಎಲ್ಲರಿಗೂ ಒಗ್ಗುವುದಿಲ್ಲ, ಯಾವಾಗ ಬೇರೆ ದಾರಿ ಹಿಡಿಯಬೇಕು ಅನ್ನುವುದನ್ನೂ ಹೇಳುತ್ತೇನೆ.

ಮೊದಲು ಪೈಥಾನ್ ಆವೃತ್ತಿ ನೋಡಿ

ಟೂಲ್ ಆರಿಸುವ ಮುಂಚೆ ಗಿರಾಕಿಯ ಮಷೀನಿನಲ್ಲಿ ಯಾವ ಪೈಥಾನ್ ಓಡುತ್ತದೆ ಅಂತ ತಿಳಿದುಕೊಳ್ಳಿ. ನಿಮ್ಮ ಲ್ಯಾಪ್‌ಟಾಪಿನದ್ದಲ್ಲ, ಗಿರಾಕಿಯದ್ದು. ವಿಂಡೋಸ್ 7 ಇರುವ ಮಷೀನಿನಲ್ಲಿ ಪೈಥಾನ್ 3.8ರ ಆಚೆ ಹೋಗಲು ಆಗುವುದಿಲ್ಲ. 3.9ಕ್ಕೆ ವಿಂಡೋಸ್ 8.1 ಅಥವಾ ಅದಕ್ಕಿಂತ ಹೊಸದು ಬೇಕು. ಕಾರ್ಖಾನೆಯ ಗೇಟಿನಲ್ಲಿ ಕೂತ ಕಂಪ್ಯೂಟರನ್ನು ಯಾರೂ ಸುಮ್ನೆ ಬದಲಿಸುವುದಿಲ್ಲ, ಕೆಟ್ಟರಷ್ಟೇ ಹೊಸದು ಬರುತ್ತದೆ.

ಇದರಿಂದ ನೀವು ಬರೆಯುವ ಹಿಂಟಿನ ರೂಪವೇ ನಿರ್ಧಾರವಾಗುತ್ತದೆ. ಟೈಪ್ ಹಿಂಟ್ ಅಂತ ನಾವು ಕರೆಯುವುದು ಪೆಪ್ 484 (ಪೈಥಾನ್ ಭಾಷೆಯ ಬದಲಾವಣೆಗೆ ಬರೆಯುವ ಪ್ರಸ್ತಾವ) ಮೂಲಕ 2015ರಲ್ಲಿ ಪೈಥಾನ್ 3.5ಕ್ಕೆ ಬಂತು. ವೇರಿಯಬಲ್‌ಗೆ ಹಿಂಟ್ ಹಾಕುವ ಸೌಲಭ್ಯ 2016ರಲ್ಲಿ 3.6ಕ್ಕೆ ಬಂತು. ಚಿಕ್ಕಕ್ಷರದ ‘ಲಿಸ್ಟ್[ಇಂಟ್]’ ನೇರವಾಗಿ ಬರೆಯಲು 3.9 ಬೇಕು, ಅದು 2020. ‘ಸ್ಟ್ರ್ ಅಥವಾ ನನ್’ (ಪಠ್ಯ ಅಥವಾ ಏನೂ ಇಲ್ಲ) ಅನ್ನುವುದನ್ನು ನಡುವೆ ಒಂದು ನೇರ ಗೀಟು ಹಾಕಿ ಬರೆಯಲು 3.10 ಬೇಕು, ಅದು 2021.

ಹಳೇ ಆವೃತ್ತಿಯಲ್ಲೂ ಹೊಸ ರೂಪ ಬಳಸಲು ಒಂದು ಉಪಾಯ ಇದೆ. ಫೈಲಿನ ತಲೆಯಲ್ಲಿ ‘ಫ್ಯೂಚರ್’ ಮಾಡ್ಯೂಲಿನಿಂದ ‘ಅನೋಟೇಶನ್ಸ್’ ಇಂಪೋರ್ಟ್ ಮಾಡಿ. ಇದು 3.7ರಿಂದ ಇದೆ. ಆಗ ಪೈಥಾನ್ ಹಿಂಟುಗಳನ್ನು ಲೆಕ್ಕ ಹಾಕಲು ಹೋಗುವುದಿಲ್ಲ, ಬರೀ ಪಠ್ಯವಾಗಿ ಇಟ್ಟುಕೊಳ್ಳುತ್ತದೆ. ಆದರೆ ಇದು ಕೆಲಸ ಮಾಡುವುದು ಹಿಂಟ್ ಬರೆಯುವ ಜಾಗದಲ್ಲಿ ಮಾತ್ರ. ಟೈಪಿಗೆ ಅಡ್ಡಹೆಸರು ಕೊಡುವ ಸಾಲು, ಕಾಸ್ಟ್ ಮಾಡುವ (ಇದು ಇಂಥ ಟೈಪೇ ಅಂತ ಚೆಕ್ಕರ್‌ಗೆ ಹೇಳುವ) ಸಾಲು ಇವೆಲ್ಲ ನಿಜವಾಗಿ ಓಡುವ ಕೋಡ್, ಅಲ್ಲಿ ಹೊಸ ರೂಪ ಬರೆದರೆ 3.8ರಲ್ಲಿ ಆ ಸಾಲು ಓಡಿದಾಗ ಪ್ರೋಗ್ರಾಂ ಬೀಳುತ್ತದೆ. ಪೈಡ್ಯಾಂಟಿಕ್‌ನಂಥ ಡೇಟಾ ಪರಿಶೀಲಿಸುವ ಲೈಬ್ರರಿ ಹಿಂಟನ್ನು ಓಡುವ ಹೊತ್ತಿನಲ್ಲೇ ಓದುತ್ತದೆ, ಅಲ್ಲೂ ಇದೇ ಕಥೆ. ಹಾಗಾಗಿ ತಳದಲ್ಲಿ 3.8 ಇರುವವರು ಟೈಪಿಂಗ್ ಮಾಡ್ಯೂಲಿನ ಹಳೇ ‘ಆಪ್ಷನಲ್’, ‘ಯೂನಿಯನ್’, ದೊಡ್ಡಕ್ಷರದ ‘ಲಿಸ್ಟ್’ ಇಷ್ಟನ್ನೇ ಬಳಸುವುದು ಕ್ಷೇಮ. ಮುಂದೆ ಆವೃತ್ತಿ ಏರಿಸಿದಾಗ ಪೈಅಪ್‌ಗ್ರೇಡ್ ಅಥವಾ ರಫ್ ಎಂಬ ಟೂಲ್ ಇವನ್ನೆಲ್ಲ ತಾನೇ ಹೊಸ ರೂಪಕ್ಕೆ ತಿರುಗಿಸಿಕೊಡುತ್ತದೆ, ಕೈ ನೋಯಿಸಿಕೊಳ್ಳುವ ಕೆಲಸ ಇಲ್ಲ.

ಇನ್ನೊಂದು ಮಾತು. 3.8ರ ಬೆಂಬಲ 2024ರ ಅಕ್ಟೋಬರ್‌ಗೆ ಮುಗಿದಿದೆ, ಮೈಪೈಯ ಹೊಸ ಆವೃತ್ತಿಗಳು ಅದನ್ನು ಗುರಿಯಾಗಿಟ್ಟು ಪರೀಕ್ಷಿಸುವುದನ್ನು ಬಿಟ್ಟಿವೆ. 3.8 ಬಿಡಲಾಗದವರು ಮೈಪೈಯ ಹಳೇ ಆವೃತ್ತಿಯೊಂದನ್ನು ಪಿನ್ ಮಾಡಿ (ತಾನೇ ಬದಲಾಗದ ಹಾಗೆ ಕಟ್ಟಿ) ಇಟ್ಟುಕೊಳ್ಳಬೇಕು.

ಹಿಂಟ್ ಎಲ್ಲಿ ಬರೆಯೋದು: ಕಾಮೆಂಟು, ಸ್ಟಬ್ ಫೈಲು, ಕೋಡಿನೊಳಗೆ

ಕಾಮೆಂಟಿನ ರೂಪ ಪೈಥಾನ್ 2.7 ಬಿಡಲಾಗದವರಿಗೆ ಮಾಡಿದ್ದು. ಫಂಕ್ಷನ್ನಿನ ಕೆಳಗೆ ‘ಟೈಪ್’ ಅಂತ ಶುರುವಾಗುವ ಕಾಮೆಂಟ್ ಬರೆದು ಅದರಲ್ಲಿ ಹಿಂಟ್ ಕೊಡುವುದು. ಪೈಥಾನ್ 2ರ ಆಯಸ್ಸು 2020ರ ಜನವರಿ 1ಕ್ಕೆ ಮುಗಿಯಿತು, ಮೈಪೈ ಕೂಡ ಪೈಥಾನ್ 2 ಕೋಡನ್ನು ಪರೀಕ್ಷಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಇವತ್ತು ಹೊಸದಾಗಿ ಶುರು ಮಾಡುವವರು ಈ ದಾರಿ ಹಿಡಿಯಬೇಡಿ. ಹಿಂದಿನವರು ಕಾಮೆಂಟಿನಲ್ಲಿ ಬರೆದಿಟ್ಟಿದ್ದರೆ ಅದು ವರ, ಬಿಸಾಡಬೇಡಿ. ಕಾಮ್‌ಟುಆ್ಯನ್ ಎಂಬ ಸಣ್ಣ ಟೂಲ್ ಅದನ್ನು ಈಗಿನ ರೂಪಕ್ಕೆ ತಿರುಗಿಸುತ್ತದೆ.

ಸ್ಟಬ್ ಅಂದರೆ ಪಿವೈಐ ಎಕ್ಸ್‌ಟೆನ್ಶನ್ನಿನ ಫೈಲು. ಅದರಲ್ಲಿ ಫಂಕ್ಷನ್ನಿನ ಹೆಸರು, ಒಳಗೆ ಹೋಗುವುದು, ಹೊರಗೆ ಬರುವುದು ಇಷ್ಟೇ ಇರುತ್ತದೆ, ಒಡಲು ಇರುವುದಿಲ್ಲ. ಮೂಲ ಕೋಡನ್ನು ಮುಟ್ಟುವ ಹಾಗಿಲ್ಲ ಅನ್ನುವವರಿಗೆ ಇದು ಚೆನ್ನ. ಹಳೇ ಕೋಡಿನ ಒಂದು ಸಾಲು ಬದಲಾದರೂ ಮತ್ತೆ ಪೂರ್ತಿ ಟೆಸ್ಟಿಂಗ್, ಸಹಿ, ಕಾಗದ ಪತ್ರ ಬೇಕಾಗುವ ಜಾಗಗಳಿರುತ್ತವೆ, ಅಲ್ವಾ, ಅಂಥವರು ಸ್ಟಬ್ ಬರೆಯಲಿ. ಸಿ ಭಾಷೆಯಲ್ಲಿ ಬರೆದ ಎಕ್ಸ್‌ಟೆನ್ಶನ್ ಮಾಡ್ಯೂಲಿಗಂತೂ ಬೇರೆ ದಾರಿಯೇ ಇಲ್ಲ.

ಉಳಿದವರಿಗೆ ನಾನು ಸ್ಟಬ್ ಬೇಡ ಅನ್ನುತ್ತೇನೆ. ಕಾರಣ ಗಟ್ಟಿಯಾಗಿದೆ. ಒಂದು ಮಾಡ್ಯೂಲಿನ ಪಕ್ಕದಲ್ಲಿ ಸ್ಟಬ್ ಇದ್ದರೆ ಚೆಕ್ಕರ್ ಸ್ಟಬ್ಬನ್ನೇ ನಂಬುತ್ತದೆ. ಆ ಮಾಡ್ಯೂಲನ್ನು ಕರೆಯುವವರು ಸರಿಯಾಗಿ ಕರೆದರೋ ಇಲ್ಲವೋ ಅಂತ ಹೇಳುತ್ತದೆ, ಮಾಡ್ಯೂಲಿನ ಒಳಗೇ ಏನು ಎಡವಟ್ಟಾಗಿದೆ ಅಂತ ಹೇಳುವುದಿಲ್ಲ. ಹಳೇ ಕೋಡಿನಲ್ಲಿ ಎಡವಟ್ಟೆಲ್ಲ ಒಳಗೇ ಇರುತ್ತದೆ. ಜೊತೆಗೆ ಕೋಡ್ ಬದಲಾಯಿಸಿದವರು ಸ್ಟಬ್ ಬದಲಾಯಿಸಲು ಮರೆಯುತ್ತಾರೆ. ಮೈಪೈ ಜೊತೆಗೇ ಬರುವ ಸ್ಟಬ್‌ಟೆಸ್ಟ್ ಎರಡನ್ನೂ ಹೋಲಿಸಿ ತೋರಿಸುತ್ತದೆ, ನಿಜ. ಆದರೆ ಅದು ಮಾಡ್ಯೂಲನ್ನು ನಿಜವಾಗಿ ಇಂಪೋರ್ಟ್ ಮಾಡಿ ನೋಡುತ್ತದೆ, ಹಾಗಾಗಿ ವಿಂಡೋಸ್ ಭಾಗವನ್ನು ಹೋಲಿಸಲು ವಿಂಡೋಸ್ ಮಷೀನೇ ಬೇಕು.

ಕೋಡಿನೊಳಗೇ ಬರೆದ ಹಿಂಟು ಕೋಡಿನ ಜೊತೆ ಬದುಕುತ್ತದೆ. ರಿವ್ಯೂ ಮಾಡುವವರ ಕಣ್ಣಿಗೂ ಬೀಳುತ್ತದೆ. ಗಿಟ್‌ನಲ್ಲಿ ಹಳೇ ಸಾಲುಗಳ ಇತಿಹಾಸ ಕಲಕಿಹೋಗುತ್ತದೆ ಅಂತ ಕೆಲವರು ತಕರಾರು ಮಾಡುತ್ತಾರೆ. ಹಿಂಟ್ ಹಾಕುವ ಕಮಿಟ್‌ಗಳಲ್ಲಿ ಬೇರೆ ಯಾವ ಬದಲಾವಣೆಯೂ ಸೇರದ ಹಾಗೆ ನೋಡಿಕೊಂಡು, ಆ ಕಮಿಟ್‌ಗಳನ್ನು ಬ್ಲೇಮ್‌ನಲ್ಲಿ (ಯಾವ ಸಾಲು ಯಾರು ಬದಲಿಸಿದರು ಅಂತ ತೋರಿಸುವ ಗಿಟ್ ಕಮಾಂಡ್) ಬಿಟ್ಟುಬಿಡುವ ಪಟ್ಟಿಗೆ ಸೇರಿಸಿದರೆ ಆ ತಕರಾರು ಉಳಿಯುವುದಿಲ್ಲ.

ಪ್ಲಾಟ್‌ಫಾರ್ಮಿನ ಕವಲು, ಇಲ್ಲೇ ಇರೋದು ಗುಟ್ಟು

ಹೆಚ್ಚಿನ ಬರಹಗಳು ಈ ಭಾಗವನ್ನು ಹಾರಿಸಿಬಿಡುತ್ತವೆ, ನನಗೆ ಮಾತ್ರ ಇದೇ ಎಲ್ಲಕ್ಕಿಂತ ಮುಖ್ಯ.

ನಮ್ಮ ತಂಡಕ್ಕೆ ಹೊಸದಾಗಿ ಬಂದ ವಿಜಯಪುರದ ಹುಡುಗ ಒಂದು ದಿನ ಕೇಳಿದ: "ಅಣ್ಣಾ, ನನ್ನ ಮ್ಯಾಕ್‌ನಾಗ ಮೈಪೈ ಎಲ್ಲಾ ಚೊಲೋ ಐತಿ ಅಂತದ. ಸಿಐನಾಗ ಯಾಕ ಕೆಂಪು ಬರಾಕತ್ತೈತಿ?" ಪ್ರಶ್ನೆ ಸರಿಯಾಗಿಯೇ ಇತ್ತು. ಮೈಪೈ ತಾನು ಯಾವ ಸಿಸ್ಟಮ್ ಮೇಲೆ ಓಡುತ್ತಿದೆಯೋ ಅದೊಂದನ್ನೇ ಪರೀಕ್ಷಿಸುತ್ತದೆ. ಮ್ಯಾಕ್‌ನಲ್ಲಿ ಓಡಿಸಿದರೆ ವಿಂಡೋಸ್‌ನ ಕವಲನ್ನು, ಅಂದರೆ ‘ವಿಂಡೋಸ್ ಆದರೆ ಹೀಗೆ ಮಾಡು’ ಅನ್ನುವ ಭಾಗವನ್ನು, ಕಣ್ಣೆತ್ತಿಯೂ ನೋಡುವುದಿಲ್ಲ. ತಪ್ಪಿದೆ ಅಂತಲೂ ಹೇಳುವುದಿಲ್ಲ, ಬಿಟ್ಟೆ ಅಂತಲೂ ಹೇಳುವುದಿಲ್ಲ. ತಲುಪಲಾಗದ ಕೋಡನ್ನು ತೋರಿಸುವ ‘ವಾರ್ನ್ ಅನ್‌ರೀಚಬಲ್’ ಫ್ಲ್ಯಾಗ್ ಹಾಕಿದರೂ ಪ್ಲಾಟ್‌ಫಾರ್ಮ್ ಕವಲುಗಳ ಬಗ್ಗೆ ಅದು ಬಾಯಿ ಬಿಡುವುದಿಲ್ಲ.

ಹಾಗಾಗಿ ಮೈಪೈಯನ್ನು ‘ಪ್ಲಾಟ್‌ಫಾರ್ಮ್’ ಫ್ಲ್ಯಾಗ್ ಕೊಟ್ಟು ಲಿನಕ್ಸ್, ವಿನ್32, ಡಾರ್ವಿನ್ (ಮ್ಯಾಕ್) ಹೀಗೆ ಮೂರು ಸಲ ಓಡಿಸಿ. 64 ಬಿಟ್ ವಿಂಡೋಸ್ ಆದರೂ ಹೆಸರು ವಿನ್32 ಅಂತಲೇ. ಇದಕ್ಕೆ ವಿಂಡೋಸ್ ಮಷೀನ್ ಬೇಕಾಗಿಲ್ಲ, ಒಂದೇ ಲಿನಕ್ಸ್ ಡಬ್ಬದಲ್ಲಿ ಮೂರೂ ಆಗುತ್ತವೆ. ವಿಂಡೋಸ್‌ಗೇ ಮೀಸಲಾದ ಪೈವಿನ್32 ಲೈಬ್ರರಿ ಲಿನಕ್ಸ್‌ನಲ್ಲಿ ಇನ್‌ಸ್ಟಾಲ್ ಆಗುವುದಿಲ್ಲ, ಅದರ ಸ್ಟಬ್ ಪ್ಯಾಕೇಜು ಆಗುತ್ತದೆ, ಪರೀಕ್ಷೆಗೆ ಅಷ್ಟು ಸಾಕು. ಮೂರಕ್ಕೂ ಬೇರೆ ಬೇರೆ ಕ್ಯಾಶ್ ಡೈರೆಕ್ಟರಿ (ಹಿಂದಿನ ಓಟದ ಫಲಿತಾಂಶ ಇಡುವ ಜಾಗ) ಕೊಡಿ. ಇಲ್ಲದಿದ್ದರೆ ಪ್ಲಾಟ್‌ಫಾರ್ಮ್ ಬದಲಾದಾಗಲೆಲ್ಲ ಕ್ಯಾಶ್ ಕೆಲಸಕ್ಕೆ ಬಾರದೆ ಮೊದಲಿನಿಂದ ಓಡುತ್ತದೆ, ಸಿಐ ಹೊತ್ತು ಜಾಸ್ತಿ ತಿನ್ನುತ್ತದೆ.

ಈಗ ಹಳೇ ಕೋಡಿನ ಅಭ್ಯಾಸಗಳನ್ನು ನೋಡಿ. ಪ್ಲಾಟ್‌ಫಾರ್ಮ್ ಯಾವುದು ಅಂತ ಕೇಳುವ ರೀತಿ ಹಳೇ ಕೋಡಿನಲ್ಲಿ ನಾಲ್ಕೈದು ಇರುತ್ತದೆ, ಒಬ್ಬೊಬ್ಬರು ಬರೆದಾಗ ಒಂದೊಂದು. ‘ಸಿಸ್.ಪ್ಲಾಟ್‌ಫಾರ್ಮ್’ ಜೊತೆ ನೇರ ಹೋಲಿಕೆ ಮಾಡಿದ್ದರೆ ಎಲ್ಲ ಚೆಕ್ಕರ್‌ಗಳಿಗೂ ಅರ್ಥವಾಗುತ್ತದೆ. ‘ಓಎಸ್.ನೇಮ್’ ಎನ್‌ಟಿ (ಅಂದರೆ ವಿಂಡೋಸ್) ಹೌದಾ ಅಂತ ಕೇಳಿದ್ದರೆ ಪೈರೈಟ್‌ಗೆ ಅರ್ಥವಾಗುತ್ತದೆ, ಮೈಪೈಗೆ ಇಲ್ಲ. ‘ಪ್ಲಾಟ್‌ಫಾರ್ಮ್.ಸಿಸ್ಟಮ್’ ಕರೆದು ಕೇಳಿದ್ದರೆ ಮೈಪೈಗೆ ಅದು ಬರೀ ಒಂದು ಸ್ಟ್ರಿಂಗ್. ಅರ್ಥವಾಗದಿದ್ದಾಗ ಮೈಪೈ ಎರಡೂ ಕವಲನ್ನು ಪರೀಕ್ಷಿಸುತ್ತದೆ, ಲಿನಕ್ಸ್ ಓಟದಲ್ಲಿ ‘ಓಎಸ್.ಸ್ಟಾರ್ಟ್‌ಫೈಲ್’ ಇಲ್ಲ ಅನ್ನುತ್ತದೆ, ವಿಂಡೋಸ್ ಓಟದಲ್ಲಿ ‘ಓಎಸ್.ಗೆಟ್‌ಯುಐಡಿ’ ಇಲ್ಲ ಅನ್ನುತ್ತದೆ. ಕೋಡ್ ಸರಿಯೇ ಇರುತ್ತದೆ, ಎರರ್ ಮಾತ್ರ ಬರುತ್ತದೆ.

ಅದಕ್ಕಿಂತ ಅಪಾಯದ್ದು ಇನ್ನೊಂದಿದೆ. ಪೈಥಾನ್ 3.3ಕ್ಕೆ ಮುಂಚೆ ಲಿನಕ್ಸ್‌ನಲ್ಲಿ ಸಿಸ್.ಪ್ಲಾಟ್‌ಫಾರ್ಮ್‌ನ ಬೆಲೆ ‘ಲಿನಕ್ಸ್2’ ಅಂತ ಇರುತ್ತಿತ್ತು, ಆಮೇಲೆ ಬರೀ ‘ಲಿನಕ್ಸ್’ ಆಯಿತು. ಹಳೇ ಕೋಡಿನ ಮೂಲೆಯಲ್ಲಿ ‘ಲಿನಕ್ಸ್2’ಕ್ಕೆ ಸಮ ಅಂತ ಹೋಲಿಸಿದ ಸಾಲು ಉಳಿದಿದ್ದರೆ ಆ ಕವಲು ಈಗ ಎಲ್ಲೂ ಓಡುವುದಿಲ್ಲ, ಮತ್ತು ಮೂರು ಓಟ ಓಡಿಸಿದರೂ ಯಾವ ಓಟದಲ್ಲೂ ಪರೀಕ್ಷೆಯಾಗುವುದಿಲ್ಲ, ಹಾಗಾಗಿ ಎಲ್ಲಾ ಹಸಿರು ಕಂಡು ನಾವು ನೆಮ್ಮದಿಯಾಗಿರುತ್ತೇವೆ. ಹಿಂಟ್ ಹಾಕುವ ಮುಂಚೆ ಇಡೀ ಕೋಡಿನಲ್ಲಿ ಒಮ್ಮೆ ಗ್ರೆಪ್ ಹೊಡೆದು ಇದನ್ನು ಹುಡುಕಿ. ಐದು ನಿಮಿಷದ ಕೆಲಸ.

‘ವಿಂಡೋಸ್’ ಅಂತ ಒಂದು ಕಾನ್‌ಸ್ಟಂಟ್ ಮಾಡಿ ಎಲ್ಲಾ ಕಡೆ ಅದನ್ನೇ ಕೇಳುವ ಅಭ್ಯಾಸವೂ ಸಾಮಾನ್ಯ. ಓದಲು ಚೆಂದ, ಮೈಪೈಗೆ ಮಾತ್ರ ಅದರ ಅರ್ಥ ಗೊತ್ತಾಗುವುದಿಲ್ಲ. ಇಲ್ಲಿ ಎರಡು ಆಯ್ಕೆ. ಎಲ್ಲಾ ಕಡೆ ಸಿಸ್.ಪ್ಲಾಟ್‌ಫಾರ್ಮ್ ಹೋಲಿಕೆಗೆ ಬದಲಿಸುವುದು ಒಂದು. ಅದು ನೂರಾರು ಜಾಗದಲ್ಲಿದ್ದರೆ ಸದ್ಯಕ್ಕೆ ಮುಟ್ಟದೆ, ವಿಂಡೋಸ್ ಓಟದಲ್ಲಿ ‘ಆಲ್ವೇಸ್ ಟ್ರೂ’, ಉಳಿದ ಎರಡರಲ್ಲಿ ‘ಆಲ್ವೇಸ್ ಫಾಲ್ಸ್’ ಫ್ಲ್ಯಾಗಿಗೆ ಆ ಹೆಸರು ಕೊಡುವುದು ಇನ್ನೊಂದು. ಪೈರೈಟ್‌ನಲ್ಲಿ ಇದೇ ಕೆಲಸಕ್ಕೆ ‘ಡಿಫೈನ್ ಕಾನ್‌ಸ್ಟಂಟ್’ ಇದೆ. ದೊಡ್ಡ ಕೋಡಿಗೆ ನಾನು ಎರಡನೇದನ್ನೇ ಮೊದಲು ಮಾಡಿ ಅನ್ನುತ್ತೇನೆ, ಕೋಡ್ ಮುಟ್ಟದೇ ಎರರ್‌ಗಳ ದೊಡ್ಡ ರಾಶಿ ಕರಗುತ್ತದೆ.

ಟ್ರೈ ಮಾಡಿ ಇಂಪೋರ್ಟ್ ಮಾಡುವ ಹಳೇ ಪದ್ಧತಿ ಮಾತ್ರ ಬದಲಾಗಲೇಬೇಕು. ವಿಂಡೋಸ್‌ನಲ್ಲಿ ಇಲ್ಲದ ಎಫ್‌ಸಿಎನ್‌ಟಿಎಲ್ ಮಾಡ್ಯೂಲ್ ಸಿಕ್ಕರೆ ಸರಿ, ಇಲ್ಲದಿದ್ದರೆ ಆ ಹೆಸರಿಗೇ ‘ನನ್’ ಕೂರಿಸುವುದು, ಇದು ಫೈಲ್ ಲಾಕ್ ಮಾಡುವ ಕೋಡಿನಲ್ಲಿ ಎಲ್ಲೆಲ್ಲೂ ಕಾಣುತ್ತದೆ. ಮಾಡ್ಯೂಲ್ ಇರಬೇಕಾದ ಹೆಸರಿಗೆ ‘ನನ್’ ಕೊಟ್ಟಿರಿ ಅಂತ ಮೈಪೈ ಬೈಯುತ್ತದೆ, ಜನ ಅಲ್ಲೊಂದು ‘ಟೈಪ್ ಇಗ್ನೋರ್’ (ಈ ಸಾಲಿನ ಎರರ್ ಬಿಟ್ಟುಬಿಡು ಅನ್ನುವ ಕಾಮೆಂಟ್) ಹಚ್ಚಿ ಮುಂದೆ ಹೋಗುತ್ತಾರೆ. ಅದರ ಬದಲು ಪ್ಲಾಟ್‌ಫಾರ್ಮ್ ವಿನ್32 ಆದರೆ ಎಂಎಸ್‌ವಿಸಿಆರ್‌ಟಿ ಇಂಪೋರ್ಟ್ ಮಾಡಿ ಅದರ ‘ಲಾಕಿಂಗ್’ ಬಳಸಿ, ಇಲ್ಲದಿದ್ದರೆ ಎಫ್‌ಸಿಎನ್‌ಟಿಎಲ್ ತಂದು ‘ಫ್ಲಾಕ್’ ಬಳಸಿ, ಎರಡಕ್ಕೂ ಒಂದೇ ಹೆಸರಿನ, ಒಂದೇ ಹಿಂಟಿನ ಫಂಕ್ಷನ್ ಮಾಡಿ. ಒಂದು ಫೈಲು ಪೂರ್ತಿ ವಿಂಡೋಸ್‌ಗೇ ಮೀಸಲಾಗಿದ್ದರೆ ಮೇಲುಗಡೆಯೇ ಒಂದು ‘ಅಸರ್ಟ್’ ಸಾಲು ಹಾಕಿ ಪ್ಲಾಟ್‌ಫಾರ್ಮ್ ಹೇಳಿಬಿಡಿ, ಬೇರೆ ಓಟಗಳಲ್ಲಿ ಮೈಪೈ ಉಳಿದ ಫೈಲನ್ನು ಬಿಟ್ಟುಬಿಡುತ್ತದೆ.

ಟೈಪ್ ಇಗ್ನೋರ್ ವಿಷಯ ಬಂದಾಗ ಇನ್ನೊಂದು ಸಿಕ್ಕು. ವಿಂಡೋಸ್ ಓಟಕ್ಕೆ ಬೇಕಾದ ಇಗ್ನೋರ್ ಲಿನಕ್ಸ್ ಓಟದಲ್ಲಿ ಬೇಡವಾಗಿರುತ್ತದೆ. ಬೇಡದ ಇಗ್ನೋರ್‌ಗಳನ್ನು ಎತ್ತಿ ತೋರಿಸುವ ಫ್ಲ್ಯಾಗ್ ಆನ್ ಇದ್ದರೆ ಇಟ್ಟರೂ ಎರರ್, ತೆಗೆದರೂ ಎರರ್. ಇಂಥದ್ದು ಬಂದರೆ ಅಲ್ಲಿ ಪ್ಲಾಟ್‌ಫಾರ್ಮ್ ಕವಲು ಬೇಕಿತ್ತು ಅಂತಲೇ ಅರ್ಥ ಮಾಡಿಕೊಳ್ಳಿ.

ಯಾವ ಚೆಕ್ಕರ್?

ಮೈಪೈ ಯೂಕ್ಕಾ ಲೆಹ್ಟೊಸಾಲೊ ಅವರು ಕೇಂಬ್ರಿಜ್‌ನಲ್ಲಿ ಓದುವಾಗ ಶುರು ಮಾಡಿದ್ದು. ಡ್ರಾಪ್‌ಬಾಕ್ಸ್ ತನ್ನ 40 ಲಕ್ಷ ಸಾಲು ಪೈಥಾನನ್ನು ಇದರಿಂದ ಪರೀಕ್ಷಿಸುತ್ತಿರುವುದಾಗಿ 2019ರಲ್ಲಿ ಹೇಳಿಕೊಂಡಿತು. ಅಂದರೆ ಹಳೇ, ದೊಡ್ಡ, ಹಿಂಟಿಲ್ಲದ ಕೋಡಿನ ಜೊತೆ ಏಗಿ ಬೆಳೆದ ಟೂಲ್ ಇದು. ಅದರ ಗುಣವೂ ಹಾಗೇ ಇದೆ: ಹಿಂಟಿಲ್ಲದ ಫಂಕ್ಷನ್ನಿನ ಒಡಲನ್ನು ಅದು ಮೊದಲಿಗೆ ಮುಟ್ಟುವುದೇ ಇಲ್ಲ. ಹಿಂಟ್ ಹಾಕಿದಷ್ಟು ಪರೀಕ್ಷೆ. ಹಳೇ ಕೋಡಿಗೆ ಇದು ದೊಡ್ಡ ಉಪಕಾರ, ಮೊದಲ ದಿನವೇ ಸಾವಿರಾರು ಎರರ್ ಮುಖಕ್ಕೆ ರಾಚುವುದಿಲ್ಲ. ಸ್ವಲ್ಪ ದಾರಿ ಸಾಗಿದ ಮೇಲೆ ‘ಚೆಕ್ ಅನ್‌ಟೈಪ್ಡ್ ಡೆಫ್ಸ್’ ಹಾಕಿ ಒಡಲುಗಳನ್ನೂ ನೋಡಿಸಿ. ಮಾಡ್ಯೂಲಿಗೊಂದು ಬಿಗಿ ಕೊಡಲು ಬರುತ್ತದೆ, ತೂಕ ಓದುವ ಭಾಗಕ್ಕೆ ಪೂರ್ತಿ ಸ್ಟ್ರಿಕ್ಟ್, ಹಳೇ ರಿಪೋರ್ಟ್ ಭಾಗಕ್ಕೆ ಸಡಿಲ, ಹೀಗೆ.

ಪೈರೈಟ್ ಮೈಕ್ರೋಸಾಫ್ಟ್‌ನದ್ದು, ಟೈಪ್‌ಸ್ಕ್ರಿಪ್ಟ್‌ನಲ್ಲಿ ಬರೆದದ್ದು, ಓಡಲು ನೋಡ್.ಜೆಎಸ್ ಬೇಕು. ವಿಎಸ್ ಕೋಡ್‌ನ ಪೈಲ್ಯಾನ್ಸ್ ಇದರ ಮೇಲೇ ನಿಂತಿದೆ, ಹಾಗಾಗಿ ನಿಮ್ಮಲ್ಲಿ ಹಲವರು ಗೊತ್ತಿಲ್ಲದೇ ಇದನ್ನು ಬಳಸುತ್ತಿದ್ದೀರಿ. ವೇಗ ಚೆನ್ನಾಗಿದೆ. ಹಿಂಟಿಲ್ಲದ ಫಂಕ್ಷನ್ನಿನ ಒಳಗೂ ಇಳಿದು, ಏನು ಹೊರಬರುತ್ತದೆ ಅಂತ ತಾನೇ ಅಂದಾಜು ಮಾಡುತ್ತದೆ. ಬರೆಯುತ್ತಿರುವಾಗ ಇದು ಬಹಳ ಸಹಾಯ. ಆದರೆ ಹಳೇ ಕೋಡಿನ ಮೇಲೆ ಇದನ್ನೇ ಸಿಐನ ಕಾವಲಿಗೆ ಇಟ್ಟರೆ ಎರರ್‌ಗಳ ಪ್ರವಾಹ ಬರುತ್ತದೆ, ತಂಡ ಸುಸ್ತಾಗಿ ಎರಡೇ ವಾರದಲ್ಲಿ ಕೈಬಿಡುತ್ತದೆ. ಇದರಲ್ಲೂ ಪ್ಲಾಟ್‌ಫಾರ್ಮ್ ಹೇಳಲು ಬರುತ್ತದೆ. ‘ಆಲ್’ ಅನ್ನುವ ಆಯ್ಕೆ ನೋಡಿ ಮೂರನ್ನೂ ಪರೀಕ್ಷಿಸುತ್ತದೆ ಅಂತ ತಿಳಿಯಬೇಡಿ, ಯಾವ ಪ್ಲಾಟ್‌ಫಾರ್ಮನ್ನೂ ಊಹಿಸಿಕೊಳ್ಳಬೇಡ ಅನ್ನುವುದಷ್ಟೇ ಅದರ ಅರ್ಥ. ಪೈರೈಟ್‌ನ ಕೋಡಿನಿಂದಲೇ ಬೇರೆಯವರು ಮಾಡಿದ ಬೇಸ್ಡ್‌ಪೈರೈಟ್‌ನಲ್ಲಿ ಇವತ್ತಿನ ಎರರ್‌ಗಳನ್ನು ಬೇಸ್‌ಲೈನ್ ಆಗಿ ಬರೆದಿಟ್ಟು ಹೊಸ ಎರರ್ ಮಾತ್ರ ತೋರಿಸುವ ಸೌಲಭ್ಯ ಇದೆ. ಪೈರೈಟೇ ಬೇಕು ಅನ್ನುವ ತಂಡ ಅದನ್ನು ನೋಡಲಿ.

ಗೂಗಲ್‌ನ ಪೈಟೈಪ್ ಹೊಸದಾಗಿ ಹಿಡಿಯಬೇಡಿ. ವಿಂಡೋಸ್‌ನಲ್ಲಿ ಅದು ನೇರವಾಗಿ ಓಡುವುದಿಲ್ಲ, ಮತ್ತು ಪೈಥಾನ್ 3.12ರ ಆಚೆ ಬೆಂಬಲ ಇಲ್ಲ ಅಂತ ಅವರೇ ಹೇಳಿದ್ದಾರೆ. ಆಸ್ಟ್ರಲ್‌ನ ಟೈ, ಮೆಟಾದ ಪೈರಿಫ್ಲೈ ಎರಡೂ ರಸ್ಟ್‌ನಲ್ಲಿ ಬರೆದವು, 2025ರಲ್ಲಿ ಹೊರಬಂದವು, ವೇಗ ಕಣ್ಣು ಕುಕ್ಕುವಷ್ಟಿದೆ. ಎಡಿಟರ್‌ನಲ್ಲಿ ಹಾಕಿ ನೋಡಿ, ಹಳೇ ಕೋಡಿನ ಸಿಐಯನ್ನು ಸದ್ಯಕ್ಕೆ ಇವುಗಳ ಮೇಲೆ ನಿಲ್ಲಿಸಬೇಡಿ.

ಕೈಯಲ್ಲೇ ಬರೆಯಬೇಕಾ, ಟೂಲಿಗೆ ಬಿಡಬಹುದಾ?

ಇನ್‌ಸ್ಟಾಗ್ರಾಮ್‌ನವರ ಮಂಕಿಟೈಪ್ ಒಳ್ಳೇ ಟೂಲ್. ಪ್ರೋಗ್ರಾಂ ಓಡುವಾಗ ಪಕ್ಕದಲ್ಲಿ ಕೂತು ಯಾವ ಫಂಕ್ಷನ್ನಿಗೆ ಯಾವ ಟೈಪು ಬಂತು, ಯಾವುದು ಹೋಯಿತು ಅಂತ ಎಸ್‌ಕ್ಯೂಎಲೈಟ್ ಡೇಟಾಬೇಸ್ ಫೈಲಿನಲ್ಲಿ ಬರೆದುಕೊಳ್ಳುತ್ತದೆ, ಆಮೇಲೆ ಹಿಂಟನ್ನು ಕೋಡಿಗೇ ಹಚ್ಚಿಕೊಡುತ್ತದೆ. ಯಾರೂ ಡಾಕ್ಯುಮೆಂಟ್ ಬರೆಯದ ಕೋಡಿಗೆ ಇದು ದಾರಿ ತೋರಿಸುತ್ತದೆ.

ಆದರೆ ಕಂಡದ್ದನ್ನಷ್ಟೇ ಅದು ಬರೆಯುತ್ತದೆ. ಟೆಸ್ಟ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸಿದರೆ ಫೈಲ್ ದಾರಿ ತಗೊಳ್ಳುವ ಫಂಕ್ಷನ್ನಿಗೆ ‘ಪೋಸಿಕ್ಸ್‌ಪಾತ್’ ಅಂತ ಹಿಂಟ್ ಹಾಕುತ್ತದೆ, ವಿಂಡೋಸ್‌ನಲ್ಲಿ ಓಡಿಸಿದರೆ ‘ವಿಂಡೋಸ್‌ಪಾತ್’. ಬೇಕಾದದ್ದು ಬರೀ ‘ಪಾತ್’. ಟೆಸ್ಟಿನಲ್ಲಿ ‘ನನ್’ ಬರದಿದ್ದರೆ ‘ಆಪ್ಷನಲ್’ ಬೀಳುವುದೇ ಇಲ್ಲ, ಗಿರಾಕಿಯ ಹತ್ತಿರ ಮಾತ್ರ ಬರುತ್ತದೆ. ಹಾಗಾಗಿ ಅದು ಕೊಟ್ಟದ್ದನ್ನು ಕರಡು ಅಂತ ತಿಳಿದು ಸಾಲು ಸಾಲು ಓದಿ. ಮೈಪೈ ಜೊತೆ ಬರುವ ಸ್ಟಬ್‌ಜೆನ್ ಕೋಡ್ ಓಡಿಸದೆ ಸ್ಟಬ್ಬಿನ ಚೌಕಟ್ಟು ಮಾಡುತ್ತದೆ, ಗೊತ್ತಾಗದ ಕಡೆ ಸಡಿಲ ಬಿಡುತ್ತದೆ. ಸ್ಟಬ್ ದಾರಿ ಹಿಡಿದವರಿಗಷ್ಟೇ ಅದು.

ನನ್ನ ಪ್ರಕಾರ ಒಳಗಿನ ಸಣ್ಣಪುಟ್ಟ ಫಂಕ್ಷನ್‌ಗಳಿಗೆ ಟೂಲ್, ಹೊರಗಿನ ಜಗತ್ತಿಗೆ ಮುಖ ಮಾಡಿದ ಫಂಕ್ಷನ್‌ಗಳಿಗೆ ಕೈ. ಸೀರಿಯಲ್ ಪೋರ್ಟು, ಫೈಲು, ನೆಟ್‌ವರ್ಕು, ಡೇಟಾಬೇಸು ಇವನ್ನೆಲ್ಲ ಆ ಭಾಗ ಬಲ್ಲವರು ಕೂತು ಯೋಚಿಸಿ ಬರೆಯಲಿ.

ಶುರು ಎಲ್ಲಿಂದ

ಯುಟಿಲಿಟಿ ಮಾಡ್ಯೂಲಿನಿಂದ ಶುರು ಮಾಡಿ, ಯಾರ ಮೇಲೂ ಅವಲಂಬಿಸದ ಫೈಲಿನಿಂದ ಶುರು ಮಾಡಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ತಪ್ಪಲ್ಲ. ಆದರೆ ಪೈಥಾನ್ 2ರಲ್ಲಿ ಹುಟ್ಟಿ 3ಕ್ಕೆ ಬಂದ ಕೋಡಾದರೆ ಬೈಟ್ಸ್ ಒಳಬರುವ ಬಾಗಿಲಿಗೇ ಮೊದಲು ಹೋಗಿ.

ವೇಬ್ರಿಜ್ಜಿನದ್ದೇ ಉದಾಹರಣೆ ಹೇಳುತ್ತೇನೆ. ಕೆಲವು ಇಂಡಿಕೇಟರ್‌ಗಳು ತೂಕ ನಿಂತಾಗ ಸಾಲಿನ ಮೊದಲಿಗೆ ‘ಎಸ್‌ಟಿ’ ಅಂತಲೂ, ಇನ್ನೂ ಅಲುಗಾಡುತ್ತಿದ್ದರೆ ‘ಯುಎಸ್’ ಅಂತಲೂ ಕಳಿಸುತ್ತವೆ. ಪೋರ್ಟಿನಿಂದ ಓದಿದ ಸಾಲು ಪೈಥಾನ್ 3ರಲ್ಲಿ ಬೈಟ್ಸ್. ಹಳೇ ಕೋಡು ಅದರ ಮೊದಲ ಎರಡು ಅಕ್ಷರ ತೆಗೆದು ಸ್ಟ್ರಿಂಗ್ ‘ಎಸ್‌ಟಿ’ ಜೊತೆ ಹೋಲಿಸುತ್ತದೆ. ಬೈಟ್ಸ್ ಮತ್ತು ಸ್ಟ್ರಿಂಗ್ ಯಾವತ್ತೂ ಸಮ ಆಗುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಉತ್ತರ ಯಾವಾಗಲೂ ಫಾಲ್ಸ್. ಮೊದಲ ಒಂದೇ ಅಕ್ಷರ ತೆಗೆದಿದ್ದರೆ ಇನ್ನೂ ವಿಚಿತ್ರ, ಬೈಟ್ಸ್‌ನಿಂದ ಒಂದು ಸ್ಥಾನ ಎತ್ತಿದರೆ ಸಿಗುವುದು ಅಂಕಿ: ದೊಡ್ಡಕ್ಷರದ ‘ಎಸ್’ಗೆ 83. ಅದನ್ನು ಅಕ್ಷರದ ಜೊತೆ ಹೋಲಿಸಿದರೆ ಅದೂ ಫಾಲ್ಸ್. ಲಾರಿ ನಿಂತೇ ಇದೆ, ಪ್ರೋಗ್ರಾಂ ಮಾತ್ರ ತೂಕ ಇನ್ನೂ ನಿಂತಿಲ್ಲ ಅನ್ನುತ್ತಲೇ ಇರುತ್ತದೆ, ಗೇಟಿನಾಚೆ ಸಾಲು ಬೆಳೆಯುತ್ತದೆ.

ಆ ಓದುವ ಫಂಕ್ಷನ್ನಿಗೆ ಬೈಟ್ಸ್ ಅಂತ ಒಂದು ಹಿಂಟ್ ಹಾಕಿ, ಮೈಪೈಯ ‘ಸ್ಟ್ರಿಕ್ಟ್ ಈಕ್ವಾಲಿಟಿ’ ಆನ್ ಮಾಡಿ. ಈ ಎರಡು ಟೈಪು ಸಮವಾಗಲು ಸಾಧ್ಯವೇ ಇಲ್ಲ ಅಂತ ಅದು ಅದೇ ಸಾಲನ್ನು ತೋರಿಸಿ ಹೇಳುತ್ತದೆ. ಸೀರಿಯಲ್ ಪೋರ್ಟ್ ಓದುವ ಪೈಸೀರಿಯಲ್ ಲೈಬ್ರರಿಗೆ ಸ್ಟಬ್ ಪ್ಯಾಕೇಜ್ ಇದೆ, ಅದನ್ನೂ ಇನ್‌ಸ್ಟಾಲ್ ಮಾಡಿಕೊಳ್ಳಿ. ಬೈಟ್ಸ್ ಒಳಬಂದ ಕೂಡಲೇ ಡಿಕೋಡ್ ಮಾಡಿ, ಅಲ್ಲಿಂದ ಒಳಗೆ ಬರೀ ಸ್ಟ್ರಿಂಗ್ ಓಡಾಡಲಿ. ಕಿಲೋ ಮತ್ತು ಟನ್ ಎರಡೂ ಫ್ಲೋಟ್ ಆಗಿ ಕಲೆಯುವ ಜಾಗದಲ್ಲಿ ‘ನ್ಯೂಟೈಪ್’ ಬಳಸಿ ಎರಡಕ್ಕೂ ಬೇರೆ ಹೆಸರು ಕೊಡಿ, ಖರ್ಚು ಎರಡು ಸಾಲು.

ಆಮೇಲೆ ಫೈಲ್ ದಾರಿಗಳು. ಲಿನಕ್ಸ್‌ನಲ್ಲಿ ಫೈಲಿನ ಹೆಸರು ಮೂಲದಲ್ಲಿ ಬೈಟ್ಸ್, ವಿಂಡೋಸ್‌ನಲ್ಲಿ ಯೂನಿಕೋಡ್. ಹಳೇ ಕೋಡಿನಲ್ಲಿ ಎರಡೂ ಒಟ್ಟಿಗೆ ತಿರುಗುತ್ತಿರುತ್ತವೆ. ಹೊರಗಿನಿಂದ ಬಂದದ್ದಕ್ಕೆ ‘ಸ್ಟ್ರಿಂಗ್ ಅಥವಾ ಪಾತ್‌ಲೈಕ್’ ಅಂತ ಹಿಂಟ್ ಹಾಕಿ, ಒಳಗೆ ಬಂದ ಮೇಲೆ ‘ಪಾತ್’ ಮಾಡಿಬಿಡಿ. ‘ಓಎಸ್.ಪಾತ್‌ಲೈಕ್’ ಮುಂದೆ ಚೌಕ ಕಂಸ ಹಾಕುವುದು ಓಡುವ ಹೊತ್ತಿನಲ್ಲಿ 3.9ರಿಂದ ಮಾತ್ರ ನಡೆಯುತ್ತದೆ, ಅದಕ್ಕಿಂತ ಹಳೇದರಲ್ಲಿ ಕೋಟ್ ಒಳಗೆ ಬರೆಯಿರಿ.

ಹಿಂಟಿಗೆ ಸಿಗದೇ ಇರೋದು

ಎಲ್ಲಾ ಓಟ ಹಸಿರಾದರೂ ಕೆಲವು ವ್ಯತ್ಯಾಸ ಯಾವ ಚೆಕ್ಕರ್‌ಗೂ ಕಾಣುವುದಿಲ್ಲ. ‘ಓಎಸ್.ರಿನೇಮ್’ ನೋಡಿ. ಆ ಹೆಸರಿನ ಫೈಲು ಮೊದಲೇ ಇದ್ದರೆ ಲಿನಕ್ಸ್‌ನಲ್ಲಿ ಸದ್ದಿಲ್ಲದೆ ಅದರ ಮೇಲೆ ಕೂರುತ್ತದೆ, ವಿಂಡೋಸ್‌ನಲ್ಲಿ ಎರರ್ ಎಸೆಯುತ್ತದೆ. ಎರಡೂ ಕಡೆ ಹಿಂಟ್ ಒಂದೇ. ಹಳೇ ಫೈಲು ಹೋದರೂ ಪರವಾಗಿಲ್ಲ ಅನ್ನುವ ಜಾಗದಲ್ಲಿ ‘ಓಎಸ್.ರಿಪ್ಲೇಸ್’ ಬಳಸಿ, ಅದು ಎರಡೂ ಕಡೆ ಒಂದೇ ರೀತಿ ನಡೆದುಕೊಳ್ಳುತ್ತದೆ.

ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟ್ಸ್ ಆಗಿ ಬರೆದಿಡುವ ಪದ್ಧತಿ, ಇನ್ನೊಂದು. ಡ್ರೈವರ್ ಹೆಸರು, ಊರ ಹೆಸರು ಮರಾಠಿಯಲ್ಲೋ ಕನ್ನಡದಲ್ಲೋ ಇದ್ದರೆ, ಎನ್‌ಕೋಡಿಂಗ್ ಹೇಳದೆ ತೆರೆದ ಫೈಲು ಲಿನಕ್ಸ್‌ನಲ್ಲಿ ಯುಟಿಎಫ್-8 ಆಗಿ ಸರಿಯಾಗಿ ಬರೆಯುತ್ತದೆ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಅದು ಸಿಪಿ1252 ಹಿಡಿಯುತ್ತದೆ, ಅದರಲ್ಲಿ ಕನ್ನಡದ ಒಂದಕ್ಷರವೂ ಇಲ್ಲ, ರಿಪೋರ್ಟ್ ಅರ್ಧಕ್ಕೇ ನಿಲ್ಲುತ್ತದೆ. ಹಿಂಟಿನ ಕಣ್ಣಿಗೆ ಎರಡೂ ಒಂದೇ ಪಠ್ಯದ ಫೈಲು. ಪೈಥಾನ್ 3.15ರಿಂದ ಎಲ್ಲಾ ಕಡೆ ಯುಟಿಎಫ್-8 ತಾನೇ ತಾನಾಗಿ ಬರುವ ಹಾಗೆ ಪೆಪ್ 686 ನಿರ್ಧರಿಸಿದೆ, ಆದರೆ ನಮ್ಮ ಗಿರಾಕಿಗಳ ಮಷೀನಿಗೆ ಅದು ಬರುವ ತನಕ ಕಾಯಲು ಆಗುವುದಿಲ್ಲ. 3.10 ಅಥವಾ ಅದಕ್ಕಿಂತ ಹೊಸ ಪೈಥಾನ್‌ನಲ್ಲಿ ‘ವಾರ್ನ್ ಡಿಫಾಲ್ಟ್ ಎನ್‌ಕೋಡಿಂಗ್’ ಆಯ್ಕೆ ಕೊಟ್ಟು ಟೆಸ್ಟ್ ಓಡಿಸಿದರೆ ಎನ್‌ಕೋಡಿಂಗ್ ಹೇಳದ ಸಾಲುಗಳೆಲ್ಲ ಪಟ್ಟಿಯಾಗಿ ಬರುತ್ತವೆ, ಒಂದೊಂದಾಗಿ ತುಂಬಿಸಿ. ಮತ್ತೆ, ಮೈಪೈ ಮೂರು ಓಟ ಓಡುತ್ತಿದೆ ಅಂತ ಸಿಐನಿಂದ ವಿಂಡೋಸ್ ಟೆಸ್ಟ್ ಮಷೀನನ್ನು ತೆಗೆಯಲು ಯಾರಾದರೂ ಹೇಳಿದರೆ ಒಪ್ಪಬೇಡಿ.